ನೀಲಿ ಹಾಕದ ದಿನ

ಗೋದಾಮಿನ ಕಾಂಪೌಂಡಿನಲ್ಲಿ ಕಳೆಗೆ ಔಷಧಿ ಹೊಡೆಯುವುದು ನನ್ನ ಕೆಲಸ. ಎಲ್ಲಿಯವರೆಗೆ ಹೊಡೆದಾಯಿತು ಎಂದು ತಿಳಿಯಲಿ ಅಂತ ಬೆನ್ನಿನ ಟ್ಯಾಂಕಿಗೆ ನೀಲಿ ಬಣ್ಣ ಬೆರೆಸುತ್ತೇವೆ. ಅದು ಅಂಗಿಗೆ ಅಂಟಿದರೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. "ಇನ್ನೊಂದು ಅಂಗಿ ನೀಲಿಯಾದ್ರೆ ನೀವೇ ಒಗ್ಕೊಳ್ಳಿ" ಎಂದು ಹೆಂಡತಿ ಮುಖ ಊದಿಸಿಕೊಂಡಿದ್ದಳು. ಮರುದಿನ ಬೆಳಗ್ಗೆ ನಾನು ನೀಲಿ ಹಾಕಲಿಲ್ಲ. ಹತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಬಣ್ಣದ ಹಂಗೇಕೆ ಎಂಬ ಜಂಬ ಬೇರೆ.

ಮಧ್ಯಾಹ್ನ ಊಟಕ್ಕೆ ಬಂದಾಗ ಐದು ವರ್ಷದ ಮಗಳು ತಟ್ಟೆ ನೆಕ್ಕುತ್ತಿದ್ದಳು. ಪಾತ್ರೆಯ ತಳದಲ್ಲಿ ಒಂದಿಷ್ಟು ಬೇಯಿಸಿದ ಕಾಡುಬಸಳೆ ಉಳಿದಿತ್ತು.

"ಸೊಪ್ಪು ಎಲ್ಲಿಂದ ಬಂತು ಅತ್ತೆ?" ಎಂದು ಹೆಂಡತಿಯ ತಾಯಿಯನ್ನು ಕೇಳಿದೆ.

"ನಿಮ್ಮ ಗೋದಾಮಿನ ಗೋಡೆ ಹತ್ರಾನೇ. ಹತ್ತು ಗಂಟೆಗೆ ಹೋಗಿದ್ದೆ, ಒಳ್ಳೆ ಎಳೇದು ಸಿಕ್ತು."

ಒಂಬತ್ತಕ್ಕೆ ಅದೇ ಗೋಡೆಗುಂಟ ಹೊಡೆದಿದ್ದೆ. ಹಾಗೆಂದು ಹೇಳಿದ್ದೇ ತಡ, ಹೆಂಡತಿ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು.

ಡಾಕ್ಟರು ನಾನು ತಂದ ಔಷಧಿಯ ಡಬ್ಬ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಆ ಎಲೆ ಮೇಲೆ ಇದು ಬಿದ್ದಿತ್ತಾ?"

ಗೊತ್ತಿರಲಿಲ್ಲ. ಗೋಡೆಯ ಮೂಲೆ ಮುಟ್ಟುವ ಮೊದಲೇ ಟ್ಯಾಂಕು ಖಾಲಿಯಾಗಿತ್ತು. ಎಲ್ಲಿ ಖಾಲಿಯಾಯಿತು ಎಂದು ನೀಲಿ ಹೇಳಬೇಕಿತ್ತು. ಗೋಡೆಯ ಬಳಿ ಓಡಿದೆ. ಚಿವುಟಿದ ಬಳ್ಳಿಗಳು ಮೂಲೆಯ ಹತ್ತಿರವೇ ಇದ್ದವು. ಒಂದೆಲೆ ಹಿಸುಕಿ ಮೂಸಿದೆ. ಹತ್ತು ವರ್ಷ ಅದೇ ವಾಸನೆ ಕುಡಿದ ಮೂಗಿಗೆ ಏನೂ ತಿಳಿಯಲಿಲ್ಲ.

ಮರಳಿ ಬರುವಷ್ಟರಲ್ಲಿ, ಹೊಟ್ಟೆ ತೊಳೆಯಲು ಕುಡಿಸಿದ ನೀರಿಗೆ ಮಗುವಿಗೆ ಎರಡು ಸಲ ವಾಂತಿಯಾಗಿತ್ತು. ಅತ್ತೆ ಮಂಚದ ಪಕ್ಕ ಕೂತಿದ್ದರು. ಅವರೂ ತಿಂದಿದ್ದರು, ಆದರೆ ಮೊದಲು ಮಗುವನ್ನು ನೋಡಿ ಎಂದು ಹಟ ಹಿಡಿದಿದ್ದರು.

"ನಾನು ನೋಡದೆ ಕೀಳೋಳಲ್ಲ, ಅಳಿಯಂದಿರೇ," ಎಂದರು. "ನೀಲಿ ಇರೋ ಕಡೆ ಕೈ ಹಾಕ್ಬೇಡಿ ಅಂತ ನೀವೇ ಹೇಳ್ಕೊಟ್ಟಿದ್ರಿ. ಒಂದೊಂದು ಎಲೇನೂ ತಿರುಗಿಸಿ ನೋಡ್ದೆ. ಒಂದು ಚುಕ್ಕೆ ಕೂಡ ಇರ್ಲಿಲ್ಲ."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಮೂರು ದಿನ ಮಗಳ ಉಸಿರು ನೋಡುತ್ತಲೇ ಕೂತಿದ್ದೆವು. ನಾಲ್ಕನೇ ದಿನ ಅಜ್ಜಿ, ಮೊಮ್ಮಗಳು ಇಬ್ಬರನ್ನೂ ಮನೆಗೆ ಕಳಿಸಿದರು. ಎಂಟನೇ ದಿನ ಗೋಡೆಗುಂಟ ಕಳೆಯೆಲ್ಲ ಹಳದಿಯಾಯಿತು. ಹಳದಿಯ ಜಾಡು ಹಿಡಿದು ಮೂಲೆಯವರೆಗೆ ನಡೆದೆ. ಚಿವುಟಿದ ಬಳ್ಳಿಗಳು ಹೊಸ ಕುಡಿ ಬಿಟ್ಟಿದ್ದವು. ಹಳದಿ ಎರಡೇ ಹೆಜ್ಜೆ ಈಚೆಗೆ ನಿಂತಿತ್ತು. ಅತ್ತೆ ಕಿತ್ತ ಎಲೆಗಳ ಮೇಲೆ ಔಷಧಿ ಬಿದ್ದೇ ಇರಲಿಲ್ಲ.

ಆಮೇಲೆ ಒಂದು ದಿನವೂ ನೀಲಿ ತಪ್ಪಿಸಿಲ್ಲ. ಅತ್ತೆ ಮಾತ್ರ ಈಗ ನೀಲಿ ಇಲ್ಲದ ಎಲೆಯನ್ನೂ ಮುಟ್ಟುವುದಿಲ್ಲ.