ಮರದ ಬಣ್ಣದ ಜೋಡಿ

ಕಪ್ಪು ಜೋಡಿಗೆ ಎರಡು ಲಕ್ಷ ತೊಂಬತ್ತು ಸಾವಿರ, ಮರದ ಬಣ್ಣದ ಜೋಡಿಗೆ ಎರಡು ಲಕ್ಷ ಹತ್ತು. ಎರಡನ್ನೂ ಮನೆಯಲ್ಲೇ ಕೇಳಿ ನೋಡಿ, ಬೇಡದ್ದನ್ನು ವಾಪಸು ಕಳಿಸಿ ಎಂದು ಬೆಂಗಳೂರಿನ ಸ್ಪೀಕರ್ ಅಂಗಡಿಯವನು ಮಧುಗಿರಿಯ ನಮ್ಮ ಮನೆಗೆ ತಂದಿಟ್ಟು ಹೋಗಿದ್ದ. ಆ ದುಡ್ಡಿಗೆ ಮಹಡಿ ಮೇಲೊಂದು ಕೋಣೆ ಏಳುತ್ತಿತ್ತು. ಆದರೆ ನಮ್ಮನೆಯವರಿಗೆ ಇದ್ದದ್ದು ಒಂದೇ ಆಸೆ: ತೀರಿಹೋದ ಅಪ್ಪನ ದನಿಯನ್ನು ಎದುರಿಗೆ ಕೂತಂತೆ ಕೇಳಬೇಕು.

ಮಾವ ತಿಮ್ಮರಾಜು ತಮ್ಮೂರು ಕೊಳಾಲದ ಭಜನೆ ಮನೆಯಲ್ಲಿ ಹಾರ್ಮೋನಿಯಂ ಹಿಡಿದು ತತ್ವಪದ ಹಾಡಿದ್ದು ಒಂದೇ ಒಂದು ಕ್ಯಾಸೆಟ್‌ನಲ್ಲಿ ಉಳಿದಿತ್ತು. ನಮ್ಮನೆಯವರು ಅದನ್ನು ಪೆನ್‌ಡ್ರೈವಿಗೆ ಹಾಕಿಸಿ, ಹೋದ ಅಂಗಡಿಗಳಲ್ಲೆಲ್ಲ ಅದನ್ನೇ ಕೇಳಿದ್ದರು. "ಪದ ಎತ್ಕೊಡೋ ದನಿ ನಮ್ಮಪ್ಪಂದು, ಹಿಂದೆ ಹೇಳೋರು ಬೇರೆಯೋರು" ಎಂದು ಎಲ್ಲ ಕಡೆಯೂ ಹೇಳುತ್ತಿದ್ದರು.

ಆ ಭಾನುವಾರ ನಮ್ಮನೆಯವರು ತಾವು ಪಾಠ ಮಾಡುವ ಶಾಲೆಯ ಟೀಚರ್ ಸಂಘಮಿತ್ರಾಳನ್ನು ಕರೆದಿದ್ದರು. ಅವಳೂ ಕೊಳಾಲದವಳು. ಅವಳಪ್ಪ ಚಿಕ್ಕನರಸಯ್ಯನವರೂ ಅದೇ ಭಜನೆಯಲ್ಲಿ ಹಾಡಿದವರು, ಈಗಿಲ್ಲ.

ಮೊದಲು ಮರದ ಬಣ್ಣದ್ದು. ದನಿಗಳೆಲ್ಲ ಬೆಲ್ಲದ ಪಾಕದಂತೆ ಒಂದಾಗಿ ಕೋಣೆ ತುಂಬಿದವು.

"ಹೆಂಗೈತೆ ನಮ್ಮಪ್ಪನ ಕಂಠ?"

"ಚೆನ್ನಾಗೈತೆ ಸಾರ್."

ಆಮೇಲೆ ಕಪ್ಪು. ಒಂದೊಂದೂ ಬಿಡಿಬಿಡಿಯಾಗಿ ಕೇಳಿತು. ಹಾರ್ಮೋನಿಯಂ ಹತ್ತಿರ. ಅದರ ಪಕ್ಕದಲ್ಲೇ ಒಂದು ತೆಳು ದನಿ ಸಾಲಿನ ಕೊನೆಯನ್ನಷ್ಟೇ ಹಿಡಿದು ಹಿಂದೆ ಬರುತ್ತಿತ್ತು. ಪದ ಎತ್ತುವ ಆ ದೊಡ್ಡ ಕಂಠ ಮಾತ್ರ ದೂರದಿಂದ, ಬಾಗಿಲಾಚೆಯಿಂದ. ಅದರ ಪಕ್ಕದಲ್ಲೇ ಮೇಕೆಯೊಂದು ಅರಚಿತು. ಪ್ರತಿ ಸಾಲಿಗೆ ಮುಂಚೆ ಸಣ್ಣಗೆ ಒಂದು 'ಹೂಂ'.

ಸಂಘಮಿತ್ರಾ ಕಾಫಿ ಲೋಟ ಕೆಳಗಿಟ್ಟಳು. "ಅಕ್ಕ, ಹೂಂ ಅಂದು ಪದ ಎತ್ತೋದು ನಮ್ಮಪ್ಪ. ನಮ್ಮೋರ್ನ ಒಳಕ್ಕೆ ಬುಡ್ತಿರ್ಲಿಲ್ವಲ್ಲ, ಜಗಲಿ ಮ್ಯಾಲೆ ಕುಂತೇ ಹೇಳ್ಕೊಡ್ತಿತ್ತು."

"ಮೈಕು ದೂರ ಇಟ್ಟಿದ್ರು ಕಣಮ್ಮ, ಅದಕ್ಕೇ ಅಂಗೆ ಕೇಳ್ತದೆ" ಎಂದರು ನಮ್ಮನೆಯವರು.

"ಹಾರ್ಮೋನಿಯಂ ಹತ್ರಾನೇ ಐತಲ್ಲ ಸಾರ್. ಅದೇನು ಮೈಕಿನ ತಾವ್ಕೆ ಎದ್ದು ಹೋಗಿತ್ತಾ?"

ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

"ನಮ್ಮನೇಲಿ ಅಪ್ಪಂದು ಒಂದು ಫೋಟೋ ಬುಟ್ರೆ ಏನೂ ಇಲ್ಲ. ಇದನ್ನ ನನ್ನ ಫೋನಿಗೆ ಹಾಕ್ಕೊಡಿ ಸಾರ್."

"ಆಮೇಲೆ ನೋಡಾನ" ಎಂದು ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡರು.

ಅವಳು ಹೋದ ಮೇಲೆ, "ಕೊಟ್ಟಿದ್ರೆ ಏನಾಗ್ತಿತ್ತು?" ಎಂದೆ.

"ನಿಂಗೇನು ತಿಳೀತದೆ. ಆ ಕಪ್ಪು ಪೆಟ್ಟಿಗೆ ಸರಿ ಇಲ್ಲ ಕಣೆ, ದನೀನೆಲ್ಲ ಚೆಲ್ಲಾಪಿಲ್ಲಿ ಮಾಡ್ತದೆ."

ಮಾರನೆಯ ದಿನ ಕಪ್ಪು ಜೋಡಿ ವಾಪಸು ಹೋಯಿತು. ಈಗ ಸಂಜೆ ಹೊತ್ತು ಮರದ ಬಣ್ಣದ್ದು ಹಾಡುತ್ತದೆ. ನಮ್ಮನೆಯವರು ಮೊದಲಿನಂತೆ ಕಣ್ಣು ಮುಚ್ಚಿ ಕೇಳುವುದಿಲ್ಲ, ಬಾಗಿಲ ಕಡೆ ನೋಡುತ್ತಿರುತ್ತಾರೆ. ಎಂಬತ್ತು ಸಾವಿರ ಉಳಿಯಿತು. ಸಂಘಮಿತ್ರಾಳಿಗೆ ಅವಳಪ್ಪನ ದನಿ ಸಿಗಲಿಲ್ಲ, ನಮ್ಮನೆಯವರಿಗೆ ಹಾರ್ಮೋನಿಯಂ ಪಕ್ಕದ ಅವರಪ್ಪನ ತೆಳು ದನಿಯೂ ಉಳಿಯಲಿಲ್ಲ.