ಕೊನೆಯ ಬೆಂಚಿಗೆ ಕೇಳುವಂತೆ

ಬೆಳಗ್ಗೆ ವರ್ಕ್‌ಶಾಪಿನ ಬೀಗ ತೆಗೆದವನು ಗರಗಸ. ನಾಲಿಗೆಗೂ ಹಲ್ಲಿದೆ ಅಂತ ಕಾಲೇಜಿನವರು ಇಟ್ಟ ಹೆಸರು ಅದು. ಒಂಬತ್ತನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನು, ಹತ್ತು ವರ್ಷದಿಂದ ಇಲ್ಲಿ ಕಬ್ಬಿಣ ಕಡೆಯುವ ಲೇತ್‌ಗಳ ಜೊತೆಗೇ ಬಾಳುತ್ತಿದ್ದ.

ನೆಲ ಗುಡಿಸಿದ, ಎಣ್ಣೆ ಬಿಟ್ಟ, ಮೂರನೇ ಲೇತಿನ ಮುಂದೆ ನಿಂತ. ಹಿಂದಿನ ದಿನ ಹುಡುಗರು ಅದರಲ್ಲಿ ಸಲಾಕೆಯನ್ನು ಒಂದು ತುದಿ ಸಣ್ಣಗಾಗುವಂತೆ ಓರೆ ಕಡೆದಿದ್ದರು. ಅದಕ್ಕಾಗಿ, ಸಲಾಕೆಯ ಬಲತುದಿಯನ್ನು ಹಿಡಿಯುವ ಟೇಲ್‌ಸ್ಟಾಕನ್ನು ಅರ್ಧ ಅಕ್ಕಿಕಾಳಿನಷ್ಟು ಪಕ್ಕಕ್ಕೆ ಸರಿಸಿದ್ದರು. ಮತ್ತೆ ನೇರಕ್ಕೆ ತರದಿದ್ದರೆ ಕಡೆದದ್ದೆಲ್ಲ ಓರೆಯೇ. ಎರಡು ನಿಮಿಷದ ಕೆಲಸ, ಯಾರೂ ಹೇಳದೆ ಅವನೇ ಮಾಡುತ್ತಿದ್ದ. ಇವತ್ತು ಸ್ಪ್ಯಾನರ್ ಎತ್ತಿಕೊಂಡವನು ಹಾಗೇ ಕೆಳಗಿಟ್ಟ. ಪುಸ್ತಕದಲ್ಲಿ ಇಲ್ಲವಲ್ಲ.

ಆ ಪುಸ್ತಕ ಅವನದೇ. ಪದವಿ ಹೊತ್ತು ಬಂದ ಹೊಸ ಮೇಷ್ಟ್ರುಗಳು ಲೇತಿನ ಮುಂದೆ ಬೆಬ್ಬೆಬ್ಬೆ ಅನ್ನುವುದನ್ನು ನೋಡಿ ನೋಡಿ ಅವನಿಗೆ ಸಾಕಾಗಿತ್ತು. ಹದಿನಾರು ವಾರಕ್ಕೆ ಯಾವ ಪಾಠ ಆದಮೇಲೆ ಯಾವುದು, ಹುಡುಗರ ಕೈ ಎಲ್ಲಿ ತಪ್ಪುತ್ತೆ, ಆಗ ಬೈಯುವ ಬದಲು ಏನು ಕೇಳಬೇಕು, ಎಲ್ಲವನ್ನೂ ಬಾಯಲ್ಲಿ ಹೇಳಿದ್ದ. ಹೊಲಿಗೆ ಮೆಷಿನ್ ಬದಿಗಿಟ್ಟು ಅಕ್ಕ ಬರೆದುಕೊಂಡಿದ್ದಳು, ಒಂಬತ್ತು ಭಾನುವಾರ.

ಅದನ್ನು ತರಬೇತಿ ವಿಭಾಗದ ದೊಡ್ಡಮೇಷ್ಟ್ರಿಗೆ ಓದಲು ಕೊಟ್ಟಿದ್ದ. ಹೊಸಬರಿಗೆ ಪಾಠ ಮಾಡುವುದನ್ನು ಕಲಿಸುವವರೇ ಅವರು. ವಾರ ಬಿಟ್ಟು ವಾಪಸ್ ಕೊಟ್ಟದ್ದು ಮೊದಲ ಹಾಳೆ ಒಂದನ್ನೇ. 'ಪಾಠಕ್ಕೆ ಮುಂಚೆ' ಎಂಬ ಆ ಹಾಳೆಯ ಮೇಲೆ ಉದ್ದಕ್ಕೆ ಕೆಂಪು ಗೀಟು, ಕೆಳಗೆ ಅವರ ಕೈಬರಹ: 'ಇದು ಕಸ ಗುಡಿಸುವವನ ಕೆಲಸ, ಪುಸ್ತಕಕ್ಕೆ ಬೇಡ.' ಅದರ ಪಕ್ಕ ಸಹಿ. ಆರು ತಿಂಗಳಲ್ಲಿ ಪುಸ್ತಕ ಅಚ್ಚಾಗಿ ಬಂತು, ಅವರ ಹೆಸರಲ್ಲಿ. ಕೇಳಲು ಹೋದರೆ, ಒಂಬತ್ತನೇ ಕ್ಲಾಸು ದಾಟದವನು ಪುಸ್ತಕ ಬರೆದ ಅಂದರೆ ನಾಯಿಯೂ ನಗುತ್ತೆ ಅಂದಿದ್ದರು.

ದೊಡ್ಡವರ ಸಹವಾಸ ಬಿಟ್ಟುಬಿಡೋ ಅಂದಳು ಅಕ್ಕ. ಅವನು ಬಿಡಲಿಲ್ಲ. ಅಂಗಿ ಬದಲಾದಾಗೆಲ್ಲ ಆ ಹಾಳೆಯೂ ಜೇಬು ಬದಲಾಯಿಸಿತು.

ಹತ್ತು ಗಂಟೆಗೆ ಹನ್ನೆರಡು ಹೊಸ ಮೇಷ್ಟ್ರುಗಳನ್ನು ಕಟ್ಟಿಕೊಂಡು ದೊಡ್ಡಮೇಷ್ಟ್ರು ಬಂದರು, ಜೊತೆಗೆ ಪ್ರಿನ್ಸಿಪಾಲರೂ. ಒಳ್ಳೆಯ ಪಾಠಯೋಜನೆ ಅಂದರೆ ಯಾರು ಓದಿ ಮಾಡಿದರೂ ಫಲ ಒಂದೇ ಬರಬೇಕು ಎಂದರು ದೊಡ್ಡಮೇಷ್ಟ್ರು. ಮೇಷ್ಟ್ರ ದನಿ ಕೊನೆಯ ಬೆಂಚಿಗೆ ಕೇಳಬೇಕು, ಕೇಳದಿದ್ದರೆ ಪಾಠ ಆಗಲೇ ಇಲ್ಲ ಎಂದರು. ಆಮೇಲೆ ಮೂರನೇ ಲೇತಿನ ಮುಂದೆ ನಿಂತು, ಅಂಗಿಯ ತೋಳು ಮಡಚಿ, ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ನೇರ ಸಲಾಕೆ ಕಡೆಯುವ ಪಾಠವನ್ನು ಅಕ್ಷರ ಬಿಡದೆ ಮಾಡಿ ತೋರಿಸಿದರು.

ಸಲಾಕೆ ಫಳಫಳ ಹೊಳೆಯಿತು. ಕನ್ನಡಕದ ಹೊಸ ಮೇಡಂ ಅಳೆದು ನೋಡಿ, ಈ ತುದಿ ಇಪ್ಪತ್ತು ಮಿಲಿಮೀಟರ್, ಆ ತುದಿ ಇಪ್ಪತ್ತೊಂದೂವರೆ ಎಂದರು. ದೊಡ್ಡಮೇಷ್ಟ್ರು ಇನ್ನೊಂದು ಕಡೆದರು, ಅದೂ ಹಾಗೆಯೇ. ಮೂರನೆಯದರ ಹೊತ್ತಿಗೆ ಅವರ ಬೆನ್ನು ಒದ್ದೆಯಾಗಿತ್ತು. ಯಾರೋ ನಗುವನ್ನು ಕೆಮ್ಮಿನಲ್ಲಿ ಮುಚ್ಚಿದರು.

"ಮೆಷಿನ್‌ಗೆ ಏನು ಮಾಡಿದೀಯೋ?" ಎಂದು ದೊಡ್ಡಮೇಷ್ಟ್ರು ಗರಗಸನತ್ತ ತಿರುಗಿದರು.

"ಏನೂ ಮಾಡಿಲ್ಲ ಸಾರ್," ಎಂದ ಗರಗಸ. "ಪುಸ್ತಕದಲ್ಲಿ ಇಲ್ಲದ್ದನ್ನ ನಾನ್ಯಾಕೆ ಮಾಡಲಿ?"

ಪುಸ್ತಕದಲ್ಲಿ ಇಲ್ಲದ್ದು ಏನು ಎಂದು ಮೇಡಂ ಕೇಳಿದರು. ಅವರು ಕೇಳಲಿ ಎಂದೇ ಕಾಯುತ್ತಿದ್ದವನಂತೆ ಅವನು ಜೇಬಿನ ಹಾಳೆ ಬಿಡಿಸಿ ಕೊಟ್ಟ. ಅಕ್ಕನ ಗುಂಡಗಿನ ಅಕ್ಷರದಲ್ಲಿ ಮೂರನೇ ಸಾಲು: ಹಿಂದಿನ ದಿನ ಓರೆ ಕಡೆದಿದ್ದರೆ ಮೊದಲು ಟೇಲ್‌ಸ್ಟಾಕ್ ನೇರ ಮಾಡಬೇಕು. ಮೇಡಂ ಅದನ್ನು ಗಟ್ಟಿಯಾಗಿ ಓದಿದರು. ಕೆಂಪು ಮಸಿಯ ಮಾತನ್ನೂ, ಸಹಿಯನ್ನೂ ಓದಿದರು. ಪ್ರಿನ್ಸಿಪಾಲರು ಹಾಳೆ ಇಸಿದುಕೊಂಡು, ಒಮ್ಮೆ ಅದನ್ನು, ಒಮ್ಮೆ ದೊಡ್ಡಮೇಷ್ಟ್ರನ್ನು ನೋಡಿದರು.

ಹೊತ್ತಾಗುತ್ತೆ, ಮೊದಲು ಮೆಷಿನ್ ಸರಿಮಾಡು ಎಂದು ಗದರಿದರು ದೊಡ್ಡಮೇಷ್ಟ್ರು. ದನಿಯಲ್ಲಿ ಹಿಂದಿನ ಜೋರಿರಲಿಲ್ಲ.

"ಎರಡೇ ನಿಮಿಷ ಸಾರ್. ಪುಸ್ತಕ ಯಾರದು ಅಂತ ಒಂದು ಮಾತು ಹೇಳಿಬಿಡಿ, ಮಾಡ್ತೀನಿ."

ಲೇತ್ ಸುಮ್ಮನೆ ಗುಂಯ್ ಅನ್ನುತ್ತಿತ್ತು. ಮೇಡಂ ಕೈಚಾಚಿ ಅದನ್ನೂ ನಿಲ್ಲಿಸಿದರು. ದೊಡ್ಡಮೇಷ್ಟ್ರು ನೆಲ ನೋಡಿದರು, ಪ್ರಿನ್ಸಿಪಾಲರ ಮುಖ ನೋಡಿದರು, ಮತ್ತೆ ನೆಲ ನೋಡಿದರು.

"ಇವನದು," ಎಂದರು, ತುಟಿಯ ಒಳಗೇ.

ಗರಗಸ ಸ್ಪ್ಯಾನರ್ ಹಿಡಿದುಕೊಂಡೇ ಹನ್ನೆರಡು ಜನರ ನಡುವೆ ಹಾದು ಹಿಂದಕ್ಕೆ ನಡೆದ. ಹತ್ತು ವರ್ಷ ದಿನವೂ ಒರೆಸಿದ್ದ ಕೊನೆಯ ಬೆಂಚಿನ ಮೇಲೆ ಮೊದಲ ಸಲ ಕೂತು, ಕಾಲು ನೀಡಿಕೊಂಡ.

"ಇಲ್ಲಿಗೆ ಕೇಳಿಸ್ಲಿಲ್ಲ ಸಾರ್."