ಸೂಗಮ್ಮನ ಲಿಂಗ, ಸಿಂಗಾಪುರದ ದಾರಿ

ಸಿಂಗಾಪುರಕ್ಕೆ ಹೊರಟವರಿಗೆಂದು ಕೊಟ್ರೇಶ ಎರಡು ಪುಟದ ಮಾಹಿತಿ ಅಚ್ಚು ಹಾಕಿಸಿದ್ದ. ರಾಯಚೂರಿನ ಅವನ ಟ್ರಾವೆಲ್ಸ್ ಆಫೀಸಿನಲ್ಲಿ ಮಾನ್ವಿ, ದೇವದುರ್ಗದಿಂದ ಬಂದ ಹದಿನಾಲ್ಕು ಮಂದಿ ಚಹಾ ಕುಡಿಯುತ್ತ, ಅವನು ಓದಿ ಹೇಳುವುದನ್ನು ಕೇಳುತ್ತಿದ್ದರು. ಚೂಯಿಂಗ್ ಗಮ್ ಒಯ್ಯಬಾರದು. ಗುಟ್ಕಾದ ಹೆಸರೂ ಎತ್ತಬಾರದು. ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು. ಮಾನ್ವಿಯ ಅಕ್ಕಿ ಗಿರಣಿಯ ಸೂಗಮ್ಮ ಎಲ್ಲದಕ್ಕೂ ತಲೆಯಾಡಿಸಿದಳು. ನಲವತ್ತು ವರ್ಷ ತೌಡಿನ ಧೂಳು ಕುಡಿದ ಹೆಂಗಸು, ಸಾಯುವುದರೊಳಗೆ ಸಮುದ್ರ ನೋಡಲೇಬೇಕೆಂದು ಹಟ ಹಿಡಿದು ಪಾಸ್‌ಪೋರ್ಟ್ ಮಾಡಿಸಿದ್ದಳು.

ಒಂಬತ್ತನೇ ಸೂಚನೆಗೆ ಬಂತು ನೋಡಿ ತಕರಾರು.

“ವಿಮಾನ ನಿಲ್ದಾಣದಾಗ ತಪಾಸಣಿ ಇರ್ತದ್ರೀ. ಮೈಮ್ಯಾಲಿನ ಬೆಳ್ಳಿ, ಕಬ್ಬಿಣ ಇದ್ರ ಮಷಿನ್ ಕೂಗ್ತದ. ಎಲ್ಲಾ ಬಿಚ್ಚಿ ಟ್ರೇಕ ಹಾಕಬೇಕು. ಕೊರಳಾಗಿನ ಕರಡಿಗೀನೂ ಅಷ್ಟೇ. ಅದರ ಉಸಾಬರಿನೇ ಬ್ಯಾಡ, ಐದು ದಿನ ದೇವರ ಜಗಲಿ ಮ್ಯಾಲ ಇಟ್ಟು ಬರ್ರಿ.”

ಸೂಗಮ್ಮನ ಕೈ ತಾನಾಗಿ ಎದೆಗೆ ಹೋಯಿತು. ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಏಳನೇ ವಯಸ್ಸಿಗೆ ಗುರು ಮಹಾಂತಯ್ಯನವರು ಕಟ್ಟಿದ ಲಿಂಗ. ಎರಡು ಬಾಣಂತನದಲ್ಲೂ, ಗಂಡ ಸತ್ತ ದಿನವೂ ಮೈಬಿಟ್ಟು ದೂರವಾಗಿರಲಿಲ್ಲ.

“ಜಗಲಿ ಮ್ಯಾಲ ನಿನ್ನ ಇಟ್ಟು ಹೋಗ್ಲೇನು?” ಅಂದಳು. ಮಂದಿ ಗೊಳ್ಳೆಂದು ನಕ್ಕರು.

ಮಗ ಬಸವಪ್ರಸಾದನ ಮುಖ ಸಣ್ಣದಾಯಿತು. “ಯವ್ವಾ, ಸುಮ್ನಿರು ಬೇ. ಎಲ್ಲಾರೂ ತಗೀತಾರ.”

“ಎಲ್ಲಾರೂ ತಗೀಲಿ. ನಾ ತಗಿಯಂಗಿಲ್ಲ.”

“ಹಂಗಾದ್ರ ವಿಮಾನ ಹತ್ತಾಕ ಬಿಡಂಗಿಲ್ರೀ,” ಎಂದು ಕೊಟ್ರೇಶ ಕಾಗದ ಮಡಚಿದ. “ಸಮುದ್ರ ಬೇಕೋ, ಲಿಂಗ ಬೇಕೋ, ನೀವೇ ಹೇಳ್ರಿ.”

ಎರಡೂ ಬೇಕು. ಯಾಕೆ ಬೇಡ? ಸೂಗಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

“ಮಷಿನ್ ಕೂಗೋದು ಯಾತಕ್ಕ?”

“ಬೆಳ್ಳಿಗ್ರೀ.”

“ಲಿಂಗಕ್ಕ ಅಲ್ಲಲ್ಲ?”

ಕೊಟ್ರೇಶ ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ. ಅವಳು ಲಿಂಗವನ್ನು ಎಡಗೈಗೆ ತೆಗೆದುಕೊಂಡು ಖಾಲಿ ಕರಡಿಗೆಯನ್ನು ಮಗನ ಮಡಿಲಿಗೆ ಎಸೆದಳು. ಹೊಸ ಸೀರೆಯ ಸೆರಗಿನಂಚನ್ನು ಪರ್ರನೆ ಹರಿದು, ಅದರಲ್ಲಿ ಲಿಂಗ ಸುತ್ತಿ ಕೊರಳಿಗೆ ಕಟ್ಟಿಕೊಂಡಳು.

“ನಮ್ಮವ್ವ ಕಲ್ಲೂರಾಗ ಹಿಂಗ ಅರಿವ್ಯಾಗ ಕಟ್ಟಿಕೊಂಡೇ ಕಳೆ ಕಿತ್ತಾಳ. ಬೆಳ್ಳಿ ಬಂದಿದ್ದು ಗಿರಣಿ ಬಂದಮ್ಯಾಲ. ತಗೋ, ಅದನ್ನ ಇಡು ಜಗಲಿ ಮ್ಯಾಲ.”

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಅವಳು ಬಾಗಿಲು ದಾಟಿದಾಗ ಮಷಿನ್ ಪಿಟಕ್ಕೆನ್ನಲಿಲ್ಲ. ಆದರೂ ಖಾಕಿ ತೊಟ್ಟ ಹುಡುಗಿ ಕೊರಳಿನ ಗಂಟು ತೋರಿಸಿ, ಬಿಚ್ಚಿ ಟ್ರೇಗೆ ಹಾಕುವಂತೆ ಸನ್ನೆ ಮಾಡಿದಳು. “ಕೊಟ್ಟುಬಿಡು ಬೇ,” ಅಂದ ಬಸವಪ್ರಸಾದ ಹಿಂದಿನಿಂದ.

ಸೂಗಮ್ಮ ಗಂಟು ಬಿಚ್ಚಿದಳು, ಕೊಡಲಿಲ್ಲ. ಪೂಜೆಗೆ ಹಿಡಿಯುವಂತೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಹುಡುಗಿಯ ಕಣ್ಣೆದುರು ಹಿಡಿದಳು.

“ನೋಡವ್ವಾ, ಎಷ್ಟು ಹೊತ್ತು ಬೇಕಾದ್ರೂ ನೋಡು. ಟ್ರೇಕ ಮಾತ್ರ ಹಾಕಂಗಿಲ್ಲ. ಬಿಡಂಗಿಲ್ಲ ಅಂದ್ರ ಹೇಳು, ಇಲ್ಲಿಂದಲೇ ಮಾನ್ವಿ ಬಸ್ ಹಿಡೀತೀನಿ.”

ಸಾಲು ಗೊಣಗತೊಡಗಿತು. ಸೂಗಮ್ಮನ ಕೈ ಅಲುಗಲಿಲ್ಲ. ಹುಡುಗಿ ಬಗ್ಗಿ ನೋಡಿದಳು, ಕೈಯಲ್ಲಿದ್ದ ಯಂತ್ರವನ್ನು ಅಂಗೈ ಮೇಲೆ ಒಮ್ಮೆ ಆಡಿಸಿದಳು. ಆಮೇಲೆ ದಾರಿ ಬಿಟ್ಟು, ತೆಲುಗಿನಲ್ಲಿ “ವೆಳ್ಳಮ್ಮಾ” ಅಂದಳು.

ಆಚೆ ಬದಿಯಲ್ಲಿ ಕೊಟ್ರೇಶ ಬೆವತು ನಿಂತಿದ್ದ. ಊರಿಗೆಲ್ಲ ಮನೆಯಲ್ಲಿಡಿ ಅಂದ ಭೂಪ ತಾನು ಮಾತ್ರ ಬಿಟ್ಟು ಬಂದಿರಲಿಲ್ಲ! ಅವನ ಕರಡಿಗೆ ಯಾವ ಟ್ರೇಯಲ್ಲಿ ಹೋಯಿತೋ, ಯಾರದೋ ಬೂಟುಗಳ ಕೆಳಗೆ ಕೈಹಾಕಿ ತಡಕುತ್ತಿದ್ದ.

ಸೂಗಮ್ಮ ಮತ್ತೆ ಗಂಟು ಬಿಗಿದುಕೊಂಡು ಅವನ ಪಕ್ಕ ನಿಂತಳು.

“ಹುಡುಕು ತಮ್ಮಾ,” ಅಂದಳು. “ಸಿಕ್ಕಮ್ಯಾಲ ನಿನ್ನ ಕಾಗದದಾಗಿನ ಆ ಒಂಬತ್ತನೇದು ಹೊಡೆದು ಹಾಕು.”